ಮನುಷ್ಯರ ಸದ್ದು ಬೇಡ

ಚಾ ಬೇಡವಂತೆ ಅಮ್ಮನಿಗೆ, ಕುಡಿಯುವ ಸದ್ದಿನಲ್ಲಿ ಎಲ್ಲಿಯಾದರೂ ತಪ್ಪಿಹೋದರೆ ಎಂದು ಹೆದರಿಕೆ, ಬ್ಯಾಗನ್ನು ಮಡಿಲಿನಲ್ಲೇ ಇಟ್ಟುಕೊಂಡು ಕಿವಿ ಒಂದು ಕಡೆ ವಾಲಿಸಿ ಕೂತಿದ್ದಾಳೆ, ಮೇಧಾಳ ಸ್ವರ ಕೇಳಿಸುತ್ತದೆ ಎಂದು ಕುಂಬಳೆಯಿಂದ ಬೆಳಿಗ್ಗೆ ರೈಲು ಹತ್ತಿದವಳು, ಆಲುವದಲ್ಲಿ ಇಳಿಸಿಕೊಂಡು ಮೆಟ್ರೋ ಹತ್ತಿಸುವಾಗಲೂ ಅದೇ ಮಾತು, ಶುರುವಾಗಲಿಲ್ಲ ಅಲ್ವಾ ಮಂದಾ, ನಾವು ಹೋದ ಮೇಲೆಯೇ ಹಾಕ್ತಾರಲ್ಲ — ಕಲಾಪ್ರದರ್ಶನ ಇಟ್ಟಿರುವ ಮಟ್ಟಾಂಚೇರಿಯ ಈ ಹಳೆಯ ಗೋದಾಮಿನಲ್ಲಿ ಇನ್ನೂ ಒಣಶುಂಠಿಯ ವಾಸನೆ, ನೆಲದಲ್ಲಿ ಅಗಲ ತಟ್ಟೆಗಳ ತುಂಬ ಹಿನ್ನೀರಿನ ಕೆಸರು, ಮೇಲೆ ಐದು ಪರದೆ, ಐದರಲ್ಲೂ ನನ್ನ ತಂಗಿ ಮೇಧಾ ಒಂದು ವರ್ಷ ನಿಂತು ಕ್ಯಾಮರಾದಲ್ಲಿ ಹಿಡಿದ ಉಪ್ಪುನೀರಿನ ಕಾಂಡ್ಲಾ ಕಾಡು, ವೈಪಿನ್‌ನಲ್ಲಿ ಈಗ ನೀರು ಏರಿದರೆ ಇಲ್ಲಿ ಪರದೆ ಬೆಳಗುತ್ತದೆ, ಇಳಿದರೆ ಮಸುಕಾಗುತ್ತದೆ, ಅಲ್ಲಿ ಕಂಬವೊಂದಕ್ಕೆ ಸೆನ್ಸರ್ ಕಟ್ಟಿ ಬಂದಿದ್ದಳು, ಬಿಸಿಲಿನಲ್ಲೇ ನಡೀತದೆ ಅಕ್ಕಾ, ಬ್ಯಾಟರಿಯೂ ಬೇಡ ಎನ್ನುತ್ತಾನೆ ಅಶ್ರಫ್, ಉಪ್ಪಳದವನು, ಅವಳ ಜೊತೆ ಕಲಿತವನು, ಅವಳು ಅರ್ಧಕ್ಕೆ ಬಿಟ್ಟುಹೋದದ್ದನ್ನೆಲ್ಲ ಜೋಡಿಸಿ ಇಲ್ಲಿ ನಿಲ್ಲಿಸಿದವನು. ತಂಗಿ ಹೋಗಿ ಆರು ತಿಂಗಳು, ಸೆನ್ಸರ್ ಕೆಲಸ ಮಾಡುತ್ತಿದೆ. ಎಷ್ಟು ಕ್ಲೀನ್ ಮಾಡಿದ್ದೀರಿ ಅಕ್ಕಾ ಸೌಂಡು, ಒಂದು ಉಸಿರು ಸಹ ಇಲ್ಲ ಎಂದೂ ಅವನೇ ಹೊಗಳಿದ್ದು, ಪಾಪ, ಅವನಿಗೇನು ಗೊತ್ತು.

ಮನುಷ್ಯರ ಸದ್ದು ಬೇಡ ಅಕ್ಕಾ, ಪೂರಾ ತೆಗಿ — ಕಳಕ್ಕೂಟದ ನನ್ನ ಫ್ಲ್ಯಾಟಿನಲ್ಲಿ ಕಾಲು ಚಾಚಿ ಮರಗೆಣಸು ಮೀನುಸಾರು ತಿನ್ನುತ್ತ ಮೇಧಾ ಹೇಳಿದ್ದಳು, ಮೊಣಕಾಲ ಕೆಳಗೆಲ್ಲ ಬೇರು ತರಚಿದ ಗೀರು, ಮದ್ದು ಹಾಕೇ ಮಾರಾಯ್ತಿ ಎಂದರೆ ನಗು. ಇನ್ನೂರ ಹನ್ನೆರಡು ರೆಕಾರ್ಡಿಂಗ್, ಪ್ರತಿಯೊಂದರ ಮೊದಲಿಗೆ ಪಿಸುದನಿಯಲ್ಲಿ ಜಾಗ, ತಾರೀಕು, ಹೊತ್ತು, ವೈಪಿನ್, ಆರೂ ಹತ್ತು, ಗಾಳಿ ಇಲ್ಲ, ನಡುವೆ ಸೊಳ್ಳೆಗೆ ಬೈಗುಳ, ಏಡಿಯ ಜೊತೆ ಮಾತು, ಸುಮ್ಮನೆ ಗುನುಗುವುದು. ಮನುಷ್ಯ ಸ್ವರ ಗುರುತು ಹಿಡಿದು ಒರೆಸುವ ಪ್ರೋಗ್ರಾಂ ಬರೆದೆ, ಡಿಸ್ಕ್ ತುಂಬಿತ್ತು, ಹೊಸ ಫೈಲನ್ನು ಹಳೆಯದರ ಮೇಲೆಯೇ ಕೂರಿಸು, ಹಳೆಯದು ಅಳಿಯಲಿ ಎಂದು ಒಂದು ಸಾಲು ಸೇರಿಸಿದೆ, ಒಂದೇ ಸಾಲು, ಹನ್ನೊಂದು ವರ್ಷದಿಂದ ಬೇರೆಯವರ ಪ್ರೋಗ್ರಾಂಗಳ ತಪ್ಪು ಹಿಡಿದು ಸಂಬಳ ತಿನ್ನುವವಳು ನಾನು, ಮೊದಲು ಕಾಪಿ ತೆಗೆದಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು, ಮೂರು ಫೈಲು ಕೇಳಿದೆ, ಮಿಂಚುಳ್ಳಿಯ ಕೂಗು ಸ್ವಚ್ಛವಾಗಿತ್ತು, ಪಾಸ್ ಎಂದೆ. ಮುಂದಿನ ವಾರ ಅವಳಿಗೆ ಜ್ವರ. ಇಲಿಜ್ವರ, ಕೆಸರುನೀರು ಗಾಯಕ್ಕೆ ತಾಗಿ ಬರ್ತದಂತೆ, ಒಂಬತ್ತು ದಿನ, ಅಷ್ಟೇ. ಅಳಿಸಿದ್ದನ್ನು ಕ್ಲೌಡ್ ಮೂವತ್ತು ದಿನ ಕಾದಿಟ್ಟುಕೊಳ್ಳುತ್ತದೆ, ಆಸ್ಪತ್ರೆ, ಹೆಣ ಊರಿಗೆ ಒಯ್ದದ್ದು, ಉತ್ತರಕ್ರಿಯೆಯ ಬೊಜ್ಜ, ಬಂದವರಿಗೆ ಊಟ, ನಾನು ತೆರೆದು ನೋಡಿದ್ದು ಮೂವತ್ತನಾಲ್ಕನೇ ದಿನ, ಖಾಲಿ. ಫೋನಿನಲ್ಲಿ ಅವಳ ಸ್ವರ ಹುಡುಕಿದೆ, ಎಲ್ಲ ಟೈಪ್ ಮಾಡಿದ್ದು, ನನ್ನದು ಕಪ್ಪೆಸ್ವರ ಎಂದು ಒಂದೂ ವಾಯ್ಸ್ ಮೆಸೇಜ್ ಕಳಿಸಿದವಳಲ್ಲ, ನನ್ನ ಮದುವೆಯ ವಿಡಿಯೋದಲ್ಲಿ ಅವಳ ಬಾಯಿ ಆಡುತ್ತದೆ, ಮೇಲೆ ಬರೀ ನಾಗಸ್ವರ. ಎಲ್ಲದರಲ್ಲೂ ಹೊತ್ತು ಹೇಳ್ತೇನೆ ಅಂತ ಇದ್ದಳು, ಅದು ಉಂಟಲ್ಲ ಮಂದಾ, ಹೋಗಿ ಕೇಳುವ — ಅಮ್ಮ ಫೋನಿನಲ್ಲಿ ಅಂದಾಗ ನಾನು ಹೂಂ ಎಂದೆ. ಆ ಒಂದು ಹೂಂ ಅವಳನ್ನು ಇಲ್ಲಿಯವರೆಗೆ ಕರೆದುಕೊಂಡು ಬಂತು.

ಮೂರನೇ ಪರದೆಯಲ್ಲಿ ಬೆಳ್ಳಕ್ಕಿ, ಮೊಣಕಾಲು ನೀರಿನಲ್ಲಿ ಒಂದೇ ಸಮ ನಿಂತಿದೆ, ನಾಲ್ಕು ನಿಮಿಷದ ತುಣುಕು, ಮುಗಿದರೆ ಮತ್ತೆ ಮೊದಲಿನಿಂದ, ಎಲ್ಲೋ ನಡುವೆ ಒಮ್ಮೆ ಥಟ್ಟನೆ ಕತ್ತು ತಿರುಗಿಸಿ ನೋಡುತ್ತದೆ, ಯಾರೋ ಕರೆದರು ಎನ್ನುವ ಹಾಗೆ, ಸ್ಪೀಕರಿನಲ್ಲಿ ಬರೀ ನೀರು. ಅಲ್ಲಿ ಏನೋ ಹೇಳಿದ್ದಾಳೆ. ಏ, ಹೋಗಬೇಡ ಎಂದಳೋ, ನಕ್ಕಳೋ, ಜ್ವರದ ಮೊದಲ ಕೆಮ್ಮೋ, ನನ್ನ ಪ್ರೋಗ್ರಾಂಗೆ ಎಲ್ಲವೂ ಒಂದೇ — ಅಮ್ಮ ಎದ್ದಳು, ಒಂದೊಂದೇ ಪರದೆಯ ಕೆಳಗೆ ಹೋಗಿ ಸ್ಪೀಕರಿಗೆ ಕಿವಿ ಹಚ್ಚುತ್ತಾಳೆ, ಇದರಲ್ಲಿ ಇಲ್ಲ, ಇದರಲ್ಲಿಯೂ ಇಲ್ಲ, ಈಗ ಬರ್ತದಾ ಮಂದಾ, ಬೆಳ್ಳಕ್ಕಿ ಕತ್ತು ತಿರುಗಿಸಿತು, ಬರ್ತದಮ್ಮ ಎನ್ನಬೇಡ, ಇನ್ನೊಂದು ಸುಳ್ಳು ಬೇಡ, ಅಶ್ರಫ್ ಮೂರನೇ ಪರದೆಯ ಮುಂದೆ ಕುರ್ಚಿ ಎಳೆದುಕೊಟ್ಟ, ಕೂತುಕೊಳ್ಳಿ ಅಮ್ಮಾ, ಇಲ್ಲಿ ಚೆನ್ನಾಗಿ ಕೇಳ್ತದೆ. ಅಮ್ಮಾ, ನಾನೇ ಅಳಿಸಿದ್ದು, ಎಂದೆ. ಎಂತದು. ಅವಳ ಸ್ವರ, ಎಲ್ಲ, ಗೊತ್ತಾಗದೆ, ಒಂದೂ ಇಲ್ಲ ಅಮ್ಮಾ, ಎಲ್ಲಿಯೂ ಇಲ್ಲ.

ಅಮ್ಮ ಆ ಕುರ್ಚಿಯಲ್ಲಿ ಕೂತಳು. ಬೈಯಲಿ, ಇಷ್ಟು ಜನರ ಎದುರಿಗೆ ಒಂದು ಬಾರಿಸಲಿ, ಅವಳ ಬೆರಳುಗಳು ಬ್ಯಾಗಿನ ಹಿಡಿಯನ್ನು ಹಿಸುಕುತ್ತಿವೆ, ಬೆಳ್ಳಕ್ಕಿ ಮತ್ತೆ ಕತ್ತು ತಿರುಗಿಸಿತು, ಅಮ್ಮ ಕೇಳುತ್ತಾಳೆ, ಇದು ಯಾರನ್ನು ನೋಡುವುದು. ಕ್ಯಾಮರಾವನ್ನಲ್ಲ ಅಮ್ಮಾ, ಅವಳನ್ನು, ಅವಳು ಸ್ಟ್ಯಾಂಡಿನ ಎಡಕ್ಕೆ ನಿಲ್ಲುವುದು, ಎಂದೆ. ಎಷ್ಟು ಎಡಕ್ಕೆ. ಇಷ್ಟು, ಒಂದು ಮಾರು, ಇಲ್ಲಿ. ನೀರು, ಬರೀ ನೀರು, ವೈಪಿನ್‌ನಲ್ಲಿ ಕಡಲಿನ ಭರತ ಏರುತ್ತಿರಬೇಕು, ಪರದೆ ಬೆಳಗುತ್ತಿದೆ, ಇನ್ನೊಮ್ಮೆ ಬರ್ತದಲ್ಲ ಅದು, ನಾಲ್ಕು ನಿಮಿಷ ಅಮ್ಮಾ, ಆಗಲಿ, ನೀನು ಸ್ವಲ್ಪ ಆಚೆ ನಿಲ್ಲು ಮಂದಾ, ಅವಳ ಜಾಗದಲ್ಲಿ ನಿಂತಿದ್ದಿ — ಸರಿದೆ, ಕುರ್ಚಿಯ ಪಕ್ಕ ಒಂದು ಮಾರು ಖಾಲಿ ನೆಲ, ಬೆಳ್ಳಕ್ಕಿ ಕತ್ತು ತಿರುಗಿಸಿತು, ಅಲ್ಲಿಗೆ ನೋಡಿತು, ನೋಡುತ್ತಿದೆ