ಬೆಳಕು ಹಾಕಿದ ಬೆಸುಗೆ

ನನ್ನ ತಮ್ಮನನ್ನು ಎಲ್ಲರೂ ಕರೆಯುವುದು ಕಿಡಿ ಎಂದೇ. ಹೆತ್ತವರು ಇಟ್ಟ ಹೆಸರು ನನಗೂ ಅವನ ಹೆಂಡತಿಗೂ ಬಿಟ್ಟರೆ ಇನ್ಯಾರಿಗೂ ನೆನಪಿರಲಿಕ್ಕಿಲ್ಲ. ರಸ್ತೆಯ ತಿರುವಿನಲ್ಲಿ ಅವನ ವೆಲ್ಡಿಂಗ್ ಅಂಗಡಿ. ಅವನು ಕಬ್ಬಿಣ ಕೂಡಿಸುವುದು, ನಾನು ಅದಕ್ಕೆ ತುಕ್ಕು ಹಿಡಿಯದ ಹಾಗೆ ಕೆಂಪು ಬಣ್ಣ ಬಳಿಯುವುದು. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವಳು ನಾನು. ಸುಮ್ಮನೆ ಕೂತು ಉಣ್ಣಲು ಮನಸ್ಸು ಒಪ್ಪಲಿಲ್ಲ, ಬ್ರಷ್ ಹಿಡಿದೆ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಆದರೆ ಯಾವ ಗೇಟಿಗೆ ಎಷ್ಟು ಸರಳು, ಯಾವ ಕಿಟಕಿಗೆ ಯಾವ ಬಳ್ಳಿಯ ಚಿತ್ರ ಎಂಬುದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಿಡಿಗೆ ಒಂದು ಪಟ್ಟು ಇತ್ತು. ಪರೀಕ್ಷೆ ಮಾಡದ ಬೆಸುಗೆಯನ್ನು ಅವನು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಬೆಸುಗೆ ಆರಿದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಮೇಲಿನ ಕಿಟ್ಟ ಉದುರಿಸಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಗೇಟನ್ನು ಗಿರಾಕಿಯ ಮನೆಯಲ್ಲಿ ಕೂರಿಸಿದ ಮೇಲಂತೂ ತಾನೇ ಅದಕ್ಕೆ ಜೋತುಬೀಳುತ್ತಿದ್ದ. ಆಳು ದಪ್ಪ. ಎರಡು ಕಾಲೂ ನೆಲ ಬಿಟ್ಟು, ಹೊಟ್ಟೆ ಮುಂದೆ ಮಾಡಿಕೊಂಡು, ಗೇಟಿನ ಜೊತೆ ಆ ಕಡೆ ಈ ಕಡೆ ತೂಗುತ್ತಿದ್ದ.

"ಏನಪ್ಪಾ ಕಿಡಿ, ಗೇಟು ಮಾಡಿದ್ದು ನಮ್ಮನೆಗೋ ನಿನ್ನ ಉಯ್ಯಾಲೆಗೋ?" ಎಂದು ಗಿರಾಕಿಗಳು ನಗುತ್ತಿದ್ದರು.

"ನನ್ನನ್ನೇ ತಡ್ಕೊಂಡ್ತಲ್ಲ ಸ್ವಾಮಿ, ಇನ್ನು ಆನೆ ಬಂದು ಗುದ್ದಿದ್ರೂ ಯೋಚನೆ ಇಲ್ಲ" ಎನ್ನುತ್ತಿದ್ದ.

ಹಾಗೆ ಇದ್ದವನ ಕೈಯನ್ನು ಒಂದು ತಗಡು ಕೊಯ್ದುಬಿಟ್ಟಿತು. ಎತ್ತಿ ಗೋಡೆಗೆ ಒರಗಿಸುವಾಗ ಜಾರಿದ ತಗಡು ಬಲಗೈಯ ಮಣಿಕಟ್ಟಿನ ಒಳಮೈಯಲ್ಲಿ ಹರಿದು ಹೋಯಿತು. ಅವನ ಹೆಂಡತಿ ಟವೆಲು ಬಿಗಿದು ಕಟ್ಟಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಟವೆಲಿನ ಬಣ್ಣ ಯಾವುದೆಂದೇ ತಿಳಿಯುವಂತಿರಲಿಲ್ಲ.

ಅಲ್ಲಿ ಕೈ ನೋಡಿದವರು ಒಬ್ಬ ಡಾಕ್ಟರಮ್ಮ. ವಯಸ್ಸು ಹೆಚ್ಚಿಲ್ಲ, ಮಾತು ಮೆತ್ತಗೆ. ರಕ್ತ ನಿಲ್ಲಿಸಿ, ಒಂದು ಪಿನ್ನು ತೆಗೆದುಕೊಂಡು ಬೆರಳುಗಳ ತುದಿಗೆ ಚುಚ್ಚುತ್ತಾ ಹೋದರು. ಕಿರುಬೆರಳು ಚುಚ್ಚಿದಾಗ ಕಿಡಿ "ಅಯ್ಯೋ" ಅಂದ. ಹೆಬ್ಬೆರಳು, ಅದರ ಪಕ್ಕದವು ಎರಡು ಚುಚ್ಚಿದಾಗ ಸುಮ್ಮನೆ ಅವರ ಮುಖವನ್ನೇ ನೋಡುತ್ತಿದ್ದ.

"ಇಲ್ಲೊಂದು ದೊಡ್ಡ ನರ ತುಂಡಾಗಿದೆ" ಎಂದರು ಡಾಕ್ಟರಮ್ಮ. "ಕೂಡಿಸದಿದ್ರೆ ಈ ಬೆರಳುಗಳಿಗೆ ಏನು ಮುಟ್ಟಿದ್ರೂ ಗೊತ್ತಾಗಲ್ಲ. ಹೆಬ್ಬೆರಳಿನ ಹಿಡಿತಾನೂ ಹೋಗುತ್ತೆ. ಏನು ಕೆಲಸ ಮಾಡ್ತೀರಿ?"

"ವೆಲ್ಡಿಂಗು."

ಡಾಕ್ಟರಮ್ಮನ ಮುಖ ಅರಳಿತು. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ನಮ್ಮಲ್ಲಿ ಒಂದು ಹೊಸ ಯಂತ್ರ ಬಂದಿದೆ. ನರಾನ ದಾರ ಹಾಕಿ ಹೊಲಿಯೋದಿಲ್ಲ. ಎರಡು ತುದೀನೂ ಒಂದಕ್ಕೊಂದು ಸರಿಯಾಗಿ ಕೂರಿಸಿ, ಲೇಸರ್ ಬೆಳಕು ಬಿಟ್ಟು ಬೆಸುಗೆ ಹಾಕ್ತೀವಿ. ನಿಮ್ಮ ಕೆಲಸಾನೇ ಅನ್ಕೊಳ್ಳಿ, ಸ್ವಲ್ಪ ಚಿಕ್ಕದು ಅಷ್ಟೆ."

ರಕ್ತ ಸುರಿಸಿ ಬಿಳಿಚಿಕೊಂಡಿದ್ದ ಕಿಡಿ ಆಗ ಎದ್ದು ಕೂತ. "ರಾಡ್ ಯಾವುದು ಡಾಕ್ಟರಮ್ಮ? ನಮ್ಮಲ್ಲಿ ಕರಗಿ ಕೂಡಿಸೋದು ಅದೇ."

ಅವರೂ ಬೇಸರಪಡಲಿಲ್ಲ. ಮೊಟ್ಟೆಯ ಬಿಳಿಯಂಥ ಒಂದು ಅಂಟು, ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ. ಅದನ್ನು ನರದ ಕೂಡುಜಾಗದ ಸುತ್ತ ಒಂದಿಷ್ಟೇ ಸವರುವುದು. ಬೆಳಕು ಬಿದ್ದರೆ ಆ ಹಸಿರೇ ಕಾವನ್ನು ಹೀರಿಕೊಂಡು, ಕಾವಲಿಯ ಮೇಲೆ ಮೊಟ್ಟೆ ಗಟ್ಟಿಯಾಗುವ ಹಾಗೆ ಗಟ್ಟಿಯಾಗುತ್ತದೆ. ಕಾವು ಕಡಿಮೆಯಾದರೆ ಹಿಡಿಯುವುದಿಲ್ಲ, ಹೆಚ್ಚಾದರೆ ನರವೇ ಸುಡುತ್ತದೆ. ಅಷ್ಟನ್ನೂ ಬಿಡಿಸಿ ಹೇಳಿದರು.

"ನಮ್ಮದೂ ಅದೇ ಕಥೆ" ಎಂದ ಕಿಡಿ. "ಕರೆಂಟು ಕಡಿಮೆ ಆದ್ರೆ ಅಂಟಲ್ಲ, ಜಾಸ್ತಿ ಆದ್ರೆ ತಗಡು ತೂತು." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಇವರು ನಮ್ಮ ಪೈಕಿ ಕಣೇ" ಎಂದ. ಡಾಕ್ಟರಮ್ಮ ಜೋರಾಗಿ ನಕ್ಕರು. ಆ ನಗು ಕೇಳಿ ನನಗೂ ಧೈರ್ಯ ಬಂತು.

ಆಪರೇಷನ್ ಮುಗಿಸಿ ಬಂದು, ಬೆಸುಗೆ ಚೆನ್ನಾಗಿ ಕೂತಿತು ಎಂದೇ ಹೇಳಿದರು. ಮೇಲಿನ ಚರ್ಮವನ್ನೂ ಅದೇ ಬೆಳಕಿನಿಂದ ಮುಚ್ಚಿದ್ದರು. ದಾರವಿಲ್ಲ, ಗಂಟಿಲ್ಲ. ಪೆನ್ಸಿಲಿನಿಂದ ಎಳೆದ ಹಾಗೆ ಒಂದು ಗೆರೆ. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ, ಹಿಂದಿನಿಂದ ಅರೆ ಪ್ಲಾಸ್ಟರ್ ಕೊಟ್ಟು ಬಟ್ಟೆ ಸುತ್ತಿದರು. "ನಾನು ಬಿಚ್ಚಿ ಅನ್ನೋ ತನಕ ಕೈ ಹೀಗೇ ಇರಬೇಕು. ನೆಟ್ಟಗೆ ಮಾಡಬಾರದು, ಎಳೀಬಾರದು, ಭಾರ ಹಾಕಬಾರದು" ಎಂದು ಒತ್ತಿ ಹೇಳಿದರು.

ಮನೆಗೆ ಬಂದ ಮೇಲೆ ಅವನ ಹೆಂಡತಿಯ ಕಾವಲು ಶುರುವಾಯಿತು. ಅನ್ನ ಕಲಸಿ ಕೊಡುವುದು, ಅಂಗಿಯ ಗುಂಡಿ ಹಾಕುವುದು, ಜೊತೆಗೆ ಬೈಗುಳ.

"ನೋಡಿ ಅತ್ತಿಗೆ, ಮದುವೆಯಾದಾಗಿನಿಂದ ಒಂದು ದಿನ ನನ್ನ ಮಾತು ಕೇಳದ ಮನುಷ್ಯ ಈಗ ಮಗು ಥರ ಕೂತಿದ್ದಾರೆ. ಆ ಡಾಕ್ಟರಮ್ಮ ಬಾಯಿಗೂ ಒಂದು ಪ್ಲಾಸ್ಟರ್ ಹಾಕಿ ಕಳಿಸಿದ್ರೆ ಕೈ ಮುಗೀತಿದ್ದೆ."

"ನಿನ್ನ ಬಾಯಿಗೆ ಬೆಸುಗೆ ಹಾಕೋ ಯಂತ್ರ ಇನ್ನೂ ಬಂದಿಲ್ಲ" ಎನ್ನುತ್ತಿದ್ದ ಕಿಡಿ.

ಅಂಗಡಿಗೆ ಬಂದವರಿಗೆಲ್ಲ ಅದೇ ಮಾತು. ದಾರ ಇಲ್ಲದೆ ಕೂಡಿಸಿದ್ದಾರೆ, ಬೆಳಕಿನ ಬೆಸುಗೆ, ಡಾಕ್ಟರಮ್ಮ ಎಂದರೆ ಏನಂದುಕೊಂಡಿರಿ. ಪಕ್ಕದ ಸೈಕಲ್ ಅಂಗಡಿಯವನು, "ಹಾಗಾದ್ರೆ ನೀನೂ ಒಂದು ಬಿಳಿ ಕೋಟು ಹೊಲಿಸ್ಕೋ" ಎಂದು ಅಣಕಿಸಿದ. ಕಿಡಿಗೆ ಅದರಿಂದ ಕೋಪದ ಬದಲು ಖುಷಿಯಾಯಿತು.

ಮುಂದಿನ ಭೇಟಿಗೆ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಬಟ್ಟೆ ಬಿಚ್ಚಿ, ಕೈಯನ್ನು ಬಗ್ಗಿಸಿದ ಹಾಗೇ ಹಿಡಿದುಕೊಂಡು, ಗಾಯದ ಗೆರೆಯ ಮೇಲೆ ತಮ್ಮ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರು.

"ಜುಂ ಅಂತು" ಎಂದ ಕಿಡಿ.

"ಎಲ್ಲಿ?"

"ಇಲ್ಲೇ. ಹೆಬ್ಬೆರಳ ಕಡೆ ಓಡ್ತು."

"ಒಳ್ಳೇದು. ನರ ಜೀವ ಹಿಡೀತಿದೆ. ಬರ್ತಾ ಬರ್ತಾ ಈ ಜುಂ ಅನ್ನೋದು ಮುಂದೆ ಮುಂದೆ ಹೋಗಬೇಕು. ಅದು ಬೆರಳ ತುದಿ ಮುಟ್ಟಿದ ದಿನ ನಾವಿಬ್ಬರೂ ಗೆದ್ದ ಹಾಗೆ." ಮತ್ತೆ ಪ್ಲಾಸ್ಟರ್ ಇಟ್ಟು ಸುತ್ತಿ ಕಳಿಸಿದರು.

ದಾರಿಯುದ್ದಕ್ಕೂ ಕಿಡಿ ಪಟ್ಟಿ ಸುತ್ತಿದ ಕೈಯನ್ನೇ ನೋಡುತ್ತಾ ಬಂದ. ಖುಷಿಗೆ ಎಂದುಕೊಂಡೆ.

ಆಮೇಲೆ ಪ್ಲಾಸ್ಟರ್ ತೆಗೆದರು. ಕೈ ನೆಟ್ಟಗಾಯಿತು. ಚರ್ಮದ ಗೆರೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಆದರೆ ತಿಂಗಳ ಮೇಲೆ ತಿಂಗಳು ಹೋದರೂ, ತಟ್ಟಿದರೆ ಜುಂ ಎನ್ನುವುದು ಗಾಯದ ಹತ್ತಿರವೇ ನಿಂತಿತ್ತು, ಮುಂದಕ್ಕೆ ಹೋಗಲಿಲ್ಲ. ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಾ ಬಂತು. ಕಿಡಿ ರಾಡ್ ಸಿಕ್ಕಿಸುವ ಹಿಡಿಕೆಯನ್ನು ತೆಗೆದುಕೊಂಡರೆ ಅದು ಜಾರಿ ಬೀಳುತ್ತಿತ್ತು. ಬಿದ್ದದ್ದು ಅವನಿಗೆ ಸದ್ದಿನಿಂದ ತಿಳಿಯಬೇಕು.

ಡಾಕ್ಟರಮ್ಮ ಮತ್ತೆ ಆಪರೇಷನ್ ಮಾಡಿ ಕೈ ಕೊಯ್ದು ನೋಡಿದರು. ಒಳಗೆ ಬೆಸುಗೆ ಬಿಟ್ಟುಹೋಗಿತ್ತಂತೆ. ಎರಡು ತುದಿಗಳ ನಡುವೆ ಬರಿ ಗಂಟುಗಂಟಾದ ಮಾಂಸ. ಕಾಲಿನಿಂದ ಒಂದು ಸಣ್ಣ ನರ ತೆಗೆದು ನಡುವೆ ಇಟ್ಟು, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿದರು.

ಮಾರನೆಯ ದಿನ ಮಂಚದ ಪಕ್ಕ ಬಂದು ನಿಂತ ಅವರ ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ.

"ಮಧ್ಯೆ ಯಾವಾಗಾದ್ರೂ ಕೈಗೆ ಪೆಟ್ಟು ಬಿದ್ದಿತ್ತಾ? ಭಾರ ಏನಾದ್ರೂ?" ಎಂದು ಕೇಳಿದರು.

"ಇಲ್ಲ" ಎಂದ ಕಿಡಿ, ಕಿಟಕಿಯ ಕಡೆ ನೋಡುತ್ತಾ.

"ಪಟ್ಟಿ ಒಂದು ಸಲ ಸಡಿಲ ಆಗೋದಕ್ಕೂ ನಾನು ಬಿಟ್ಟಿಲ್ಲ ಡಾಕ್ಟರಮ್ಮ" ಎಂದಳು ಅವನ ಹೆಂಡತಿ. ಅವಳಿಗೆ ತಿಳಿದಷ್ಟು ಅವಳು ಹೇಳಿದ್ದು.

"ಹಾಗಾದ್ರೆ ಯಂತ್ರವೇ ಕೈಕೊಟ್ಟಿದೆ. ಇಲ್ಲಾ ನಾನು ಕಾವು ಕಡಿಮೆ ಕೊಟ್ಟಿದ್ದೀನಿ. ಕ್ಷಮಿಸಿ." ಅಷ್ಟು ಹೇಳಿ ಹೋದರು.

ಆ ಸಲ ಮನೆಗೆ ಬಂದ ಮೇಲೆ, "ಕಾಲಿನ ನರ ಕೈಗೆ ಬಂದಿದೆ ಅತ್ತಿಗೆ, ಇನ್ನು ಇವರು ಕೈಯಲ್ಲೇ ನಡೀತಾರೆ ನೋಡ್ತಿರಿ" ಎಂದು ಹೆಂಡತಿ ನಗಿಸಲು ನೋಡಿದಳು. ಅವನು ಎದ್ದು ಹೊರಗೆ ಹೋದ.

ಅಂಗಡಿಗೆ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡೆವು. ಕೆಲಸ ಪರವಾಗಿಲ್ಲ. ಕಿಡಿ ಸ್ಟೂಲಿನ ಮೇಲೆ ಕೂತು ಅಳತೆ ಹೇಳುತ್ತಿದ್ದ. ಒಂದು ದಿನ ಆ ಕೆಲಸಗಾರ ಗೇಟು ಮುಗಿಸಿ ಊಟಕ್ಕೆ ಹೋದಾಗ ನಾನು ಬಣ್ಣ ಬಳಿಯಲು ಶುರು ಮಾಡಿದೆ. ಕಿಡಿ ತನ್ನಷ್ಟಕ್ಕೆ ಹೇಳುವ ಹಾಗೆ ಹೇಳಿದ.

"ಅಕ್ಕಾ, ಬೆಸುಗೆ ಬಿಡಿಸಿದ್ದು ನಾನೇ."

ನಾನು ಬ್ರಷ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಬಾಯಿ ಮುಚ್ಚಿಬಿಡುತ್ತಾನೆಂದು ನನಗೆ ಗೊತ್ತು.

"ಅವತ್ತು ಡಾಕ್ಟರಮ್ಮ ತಟ್ಟಿ ನೋಡಿದ್ರಲ್ಲ, ಜುಂ ಅಂದಿತ್ತಲ್ಲ, ಅದೇ ದಿನ. ಅವಳು ಬಟ್ಟೆ ಒಗೀತಿದ್ಲು. ಪಟ್ಟಿ ಬಿಚ್ಚಿದೆ. ಕೈ ನೋಡಿದ್ರೆ ಗಾಯಾನೇ ಇಲ್ಲ ಅನ್ನೋ ಹಾಗಿತ್ತು. ದಾರ ಕಂಡಿದ್ರೆ ಭಯ ಆಗ್ತಿತ್ತೇನೋ. ಗೋಡೆಗೆ ಅಂಗೈ ಇಟ್ಟೆ. ಮೊದ್ಲು ಮೆಲ್ಲಗೆ. ಆಮೇಲೆ ಪೂರ್ತಿ ಮೈಭಾರ ಬಿಟ್ಟೆ."

"ಯಾಕೋ?"

"ತಡೀತು ಅಂತ ಅವರಿಗೆ ಹೇಳೋಣ ಅಂತ. ಡಾಕ್ಟರಮ್ಮ, ನಿಮ್ಮ ಬೆಸುಗೆ ನಾನು ಪರೀಕ್ಷೆ ಮಾಡಿದೆ, ಪಾಸು ಅಂತ." ಅವನು ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. "ಒಳಗೆ ಏನೋ ಸ್ವಲ್ಪ ಎಳೆದ ಹಾಗಾಯ್ತು. ದೊಡ್ಡ ನೋವಿಲ್ಲ. ಮತ್ತೆ ಪಟ್ಟಿ ಸುತ್ಕೊಂಡೆ. ಅವಳಿಗೂ ಗೊತ್ತಾಗ್ಲಿಲ್ಲ."

ಬೈಯುವುದಕ್ಕೆ ಅವನೇನು ಚಿಕ್ಕವನೇ. ಗೇಟಿನ ಕೆಳಗಿನ ಸರಳಿಗೆ ಬಣ್ಣ ಬಳಿದು ಮುಗಿಸಿ, "ಅವರಿಗೆ ಹೇಳಬೇಕು" ಎಂದೆ.

"ಹೇಳಬೇಕು" ಎಂದ. ಆದರೆ ಹೊರಡಲು ಅವನಿಗೆ ಬಹಳ ದಿನ ಹಿಡಿಯಿತು. ಇವತ್ತು ತಲೆನೋವು, ನಾಳೆ ಅಂಗಡಿಯಲ್ಲಿ ಕೆಲಸ. ನಾನು ಒತ್ತಾಯ ಮಾಡಲಿಲ್ಲ. ಒಂದು ಬೆಳಗ್ಗೆ ತಾನಾಗಿ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಗುಂಡಿ ಹಾಕಿಕೊಳ್ಳಲು ಆಗಿರಲಿಲ್ಲ. ನಾನು ಹಾಕಿಕೊಟ್ಟೆ.

ಡಾಕ್ಟರಮ್ಮ ಕೂತು ಕೇಳಿದರು. ಅವನು ಗೋಡೆಗೆ ಕೈ ಇಟ್ಟು ತೋರಿಸಿದ, ಹೀಗೆ, ಹೀಗೆ ಒರಗಿದೆ ಎಂದು. ಅವರು ಕಣ್ಣು ಮುಚ್ಚಿಕೊಂಡರು.

"ಯಾಕೆ ಆಗಲೇ ಹೇಳಲಿಲ್ಲ?"

"ನೀವು ಕ್ಷಮಿಸಿ ಅಂದ್ರಲ್ಲ ಡಾಕ್ಟರಮ್ಮ, ಅದಾದ ಮೇಲೆ ಬಾಯೇ ಬರಲಿಲ್ಲ."

ಅವರು ಹೇಳಿದರು, ನಮ್ಮ ಮೇಲೆ ಸಿಟ್ಟಿಲ್ಲದ ದನಿಯಲ್ಲಿ. "ಆ ಯಂತ್ರದಲ್ಲಿ ನರ ಕೂಡಿಸಿದ್ದು ಕೆಲವೇ ಜನಕ್ಕೆ. ಎಲ್ಲರ ಕಣ್ಣೂ ಅದರ ಮೇಲಿತ್ತು. ನಿಮ್ಮ ಕೈ ಬೆಸುಗೆ ಬಿಟ್ಟುಹೋಯ್ತು ಅಂದಾಗ ದೊಡ್ಡ ಡಾಕ್ಟರುಗಳೆಲ್ಲ ಸೇರಿ, ನರಕ್ಕೆ ಇದು ಬೇಡ ಅಂತ ನಿಲ್ಲಿಸಿದ್ರು. ನಾನೂ ವಾದ ಮಾಡಲಿಲ್ಲ. ನನಗೇ ನನ್ನ ಕೈ ಮೇಲೆ ಅನುಮಾನ ಬಂದಿತ್ತು. ಯಂತ್ರ ವಾಪಸ್ ಹೋಯ್ತು."

"ನಾನು ಬಂದು ಅವರ ಹತ್ರ ಹೇಳ್ತೀನಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

"ಹೇಳೋಣ. ನಾನೂ ಹೇಳ್ತೀನಿ. ಕೇಳ್ತಾರೆ ಅಂತ ಮಾತ್ರ ಹೇಳಲಾರೆ. ಆ ಜನರೆಲ್ಲ ಈಗ ಬೇರೆ ಕೆಲಸಕ್ಕೆ ಹೋಗಿದ್ದಾರೆ." ಅವರು ಅವನ ಬಲಗೈ ತೆಗೆದುಕೊಂಡು ಮಣಿಕಟ್ಟಿನ ಗೆರೆ ನೋಡಿದರು. ಈ ಸಲ ಅಲ್ಲಿ ಹೊಲಿಗೆಯ ಗುರುತು ದಪ್ಪಗೆ ಕಾಣುತ್ತಿತ್ತು. "ನಿಮ್ಮ ಕೆಲಸಾನೇ ಅನ್ಕೊಳ್ಳಿ ಅಂದವಳು ನಾನು. ಕಬ್ಬಿಣ ಆರಿದ ಕೂಡಲೇ ಗಟ್ಟಿ. ಇದು ಹಾಗಲ್ಲ. ಆ ಅಂಟು ಬರೀ ಹಿಡ್ಕೊಂಡಿರುತ್ತೆ. ಗಟ್ಟಿಯಾಗೋದು ನರ ತಾನೇ ಬೆಳೆದ ಮೇಲೆ. ಅದನ್ನೊಂದು ಬಿಟ್ಟು ಎಲ್ಲಾ ಹೇಳಿದ್ದೆ."

"ನೀವು ಎಳೀಬೇಡಿ ಅಂದಿದ್ರಿ."

"ಎಳೀಬೇಡಿ ಅಂದಿದ್ದೆ. ಯಾಕೆ ಅಂತ ಹೇಳಿರಲಿಲ್ಲ."

ಹೊರಗೆ ಯಾರದೋ ಮಗು ಬೆಂಚನ್ನು ಕಾಲಿನಿಂದ ಒದೆಯುವ ಸದ್ದು ಕೇಳುತ್ತಿತ್ತು.

ಕಿಡಿ ಕೊನೆಗೆ ಕೇಳಿದ. "ಒಂದು ಮಾತು ಹೇಳಿ ಡಾಕ್ಟರಮ್ಮ. ನಾನು ಭಾರ ಬಿಡದೆ ಇದ್ದಿದ್ರೆ ಆ ಬೆಸುಗೆ ನಿಲ್ತಿತ್ತಾ?"

ಅವರು ಸುಳ್ಳು ಹೇಳಬಹುದಿತ್ತು. ನಿಲ್ಲುತ್ತಿತ್ತು ಎಂದಿದ್ದರೆ ಅವರ ಯಂತ್ರ ಗೆಲ್ಲುತ್ತಿತ್ತು, ನಿಲ್ಲುತ್ತಿರಲಿಲ್ಲ ಎಂದಿದ್ದರೆ ನನ್ನ ತಮ್ಮನಿಗೆ ನಿದ್ದೆ ಬರುತ್ತಿತ್ತು.

"ಗೊತ್ತಿಲ್ಲ" ಎಂದರು. "ಇನ್ನು ಗೊತ್ತಾಗೋದೂ ಇಲ್ಲ."

ಕಿಡಿ ತಲೆಯಾಡಿಸಿ ಎದ್ದ. ಬಾಗಿಲ ಹತ್ತಿರ ಹೋದಾಗ ಅಭ್ಯಾಸಬಲದಿಂದ ಬಲಗೈಯೇ ಮುಂದೆ ಹೋಯಿತು. ದುಂಡನೆಯ ಹಿಡಿಕೆ. ಬೆರಳುಗಳು ಅದರ ಮೇಲೆ ಕೂತವು, ಆದರೆ ಹಿಡಿಯಲಿಲ್ಲ. ಅವನು ಒಂದು ಗಳಿಗೆ ಹಾಗೇ ನಿಂತ. ಡಾಕ್ಟರಮ್ಮನೂ ಏಳಲಿಲ್ಲ, ನಾನೂ ಕೈ ಮುಂದೆ ಮಾಡಲಿಲ್ಲ. ಆಮೇಲೆ ಅವನು ಎಡಗೈಯಿಂದ ಬಾಗಿಲು ತೆರೆದ.