ಮಗ್ಗ ನಿಲ್ಲಿಸಿ ಅಳೆದ ಸದ್ದು

೨೦೨೪ರ ಜುಲೈ ೯, ಬೆಳಿಗ್ಗೆ ೧೧.೨೦ಕ್ಕೆ ಮಾನವ ಹಕ್ಕು ಅಧಿಕಾರಿ ವೃಷಾಲಿ ಸದ್ದು ಅಳೆಯಲು ಇಚಲಕರಂಜಿಯ ವಿದ್ಯುತ್ ಮಗ್ಗದ ಶೆಡ್ಡಿಗೆ ಬಂದಳು. ನೇಕಾರರ ಓಟಿನಿಂದಲೇ ಮೊದಲು ನಗರಸಭೆಯ ಸದಸ್ಯೆಯಾಗಿ, ಅಲ್ಲಿಂದ ಈ ಹುದ್ದೆಗೆ ಮೇಲೇರಿದವಳು. ಅವಳ ಅವ್ವನೂ ಇಂಥದೇ ಶೆಡ್ಡಿನಲ್ಲಿ ಕಿವುಡಾದವಳು.

ದೊಡ್ಡವರು ಬಂದರೆ ಸತ್ಕಾರದ ಮಾತು ಕೇಳಲೆಂದು ಮಗ್ಗ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಮಾಲೀಕ ಜಿನೇಶ ಎಲ್ಲ ಮಗ್ಗ ನಿಲ್ಲಿಸಿ ಅವಳಿಗೆ ಶಾಲು ಹೊದಿಸಿದ.

"ಚಾಲೂ ಮಾಡಿಸಿ ಅಳೀರಿ, ಅಕ್ಕಾರ," ಎಂದಳು ಆ ಮಗ್ಗಗಳ ಸದ್ದಿಗೇ ಕಿವಿ ಕಳೆದುಕೊಂಡು ಪರಿಹಾರ ಕೇಳಿದ್ದ ಮುದಕವ್ವ.

"ಕಿವುಡಿ ಅಂತಾಳ್ರಿ, ಮಾತಿಗೇನ ಕಮ್ಮಿ ಇಲ್ಲ," ಎಂದು ಜಿನೇಶ ನಕ್ಕ.

ವೃಷಾಲಿಯ ಮುಂದಿನ ಹುದ್ದೆಗೆ ಅವನ ಶಾಸಕ ಕಾಕಾನ ಶಿಫಾರಸು ಬೇಕಿತ್ತು. ಅವಳೂ ನಕ್ಕಳು, ನಿಂತ ಮಗ್ಗಗಳ ನಡುವೆಯೇ ಸದ್ದು ಅಳೆದಳು. ಕಿವುಡರು ತುಟಿ ನೋಡಿ ಮಾತು ಹಿಡಿಯುತ್ತಾರೆಂದು ಅವ್ವನಿಂದ ಬಲ್ಲವಳು, ಗೋಡೆಗೆ ಮುಖ ತಿರುಗಿಸಿ ಗುಮಾಸ್ತನಿಗೆ ಬರೆಸಿದಳು: ಶೆಡ್ಡಿನ ಸದ್ದು ೪೬ ಡೆಸಿಬೆಲ್, ಮಿತಿ ೯೦.