ಮುಸ್ಸಂಜೆಯ ಹೌದುಗಳು

ವರಲಕ್ಷ್ಮಿಗೆ ಜನರ ಮಾತಿನ ಮೇಲೆ ನಂಬಿಕೆ ಕಡಿಮೆ. ಅವಳಿಗೆ ಅನ್ನ ಹಾಕುತ್ತಿದ್ದದ್ದೂ ಆ ಅಪನಂಬಿಕೆಯೇ. ಅಮೆರಿಕದ ರಾಲಿ ಊರಿನ ಒಂದು ಸಂಶೋಧನಾ ಕಚೇರಿಯಲ್ಲಿ ಅವಳು ಸಂಖ್ಯಾಶಾಸ್ತ್ರಜ್ಞೆ. ಜನ ತಮ್ಮ ಕಾಯಿಲೆಗಳ ಬಗ್ಗೆ ಫೋನಿನಲ್ಲಿ ಹೇಳಿದ್ದನ್ನೂ ಅವರ ಆಸ್ಪತ್ರೆಯ ದಾಖಲೆಯನ್ನೂ ಎದುರುಬದುರು ಇಟ್ಟು ತಾಳೆ ನೋಡುವುದು ಅವಳ ಕೆಲಸ. ಕಣ್ಣು ಮುಚ್ಚಿಕೊಂಡು ಹೌದು, ಇಲ್ಲ ಎಂದರೂ ಒಂದಿಷ್ಟು ತಾಳೆ ಬಿದ್ದೇ ಬೀಳುತ್ತದೆ. ಆ ಅದೃಷ್ಟದ ಪಾಲನ್ನು ಕಳೆದ ಮೇಲೆ ಉಳಿಯುವ ತಾಳೆಯನ್ನು ಅಳೆಯುವ ಅಂಕಿಗೆ ಕಪ್ಪಾ ಎಂದು ಹೆಸರು. ಜನ ಸಕ್ಕರೆ ಕಾಯಿಲೆಯನ್ನೇ ಮರೆಯುತ್ತಾರೆ, ಆಪರೇಷನ್ನನ್ನೇ ಮರೆಯುತ್ತಾರೆ. ಹಾಗಾಗಿ ಅವಳ ಕಪ್ಪಾ ಯಾವಾಗಲೂ ಸೊರಗಿಕೊಂಡೇ ಇರುತ್ತಿತ್ತು.

ತೊಂಬತ್ತೇಳನೇ ಇಸವಿಯಲ್ಲಿ ಅದು ಇದ್ದಕ್ಕಿದ್ದಂತೆ ಮೈ ತುಂಬಿಕೊಂಡಿತು. ಕೆಲವು ವರ್ಷಗಳ ಹಿಂದಿನ ಅವೇ ಉತ್ತರಗಳನ್ನು ಅವಳು ಈ ಸಲ ಹೊಸ ದಾಖಲೆಗಳ ಜೊತೆ ಹೋಲಿಸಿದ್ದಳು. ಆ ಉತ್ತರ ಕೊಟ್ಟಾಗ ಕೆಲವರು ತಮಗೆ ಇಲ್ಲದ ಕಾಯಿಲೆಯನ್ನು ಇದೆ ಎಂದಿದ್ದರು. ಏನೋ ತಪ್ಪು ತಿಳಿದು ಹೇಳಿರಬೇಕು ಎಂದು ಅವಳು ಅವರನ್ನು ಬದಿಗೆ ತಳ್ಳಿದ್ದಳು. ಈಗ ನೋಡಿದರೆ ಅವರಲ್ಲಿ ಹೆಚ್ಚಿನವರಿಗೆ ಹೇಳಿದ ಕಾಯಿಲೆಯೇ ಬಂದಿತ್ತು. ಪ್ರೋಗ್ರಾಮಿನಲ್ಲಿ ತಪ್ಪಿರಬಹುದೆಂದು ಜಾಲಾಡಿದಳು, ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು. ಅವರಿಗೆಲ್ಲ ಫೋನ್ ಹೋಗಿದ್ದು ಮುಸ್ಸಂಜೆಯಲ್ಲಿ, ಜನ ಕೆಲಸ ಮುಗಿಸಿ ಮನೆ ಸೇರುವ ಹೊತ್ತಿನಲ್ಲಿ.

ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟದ್ದು ಆಡಬೇಡ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂದು ಮೈಸೂರಿನಲ್ಲಿ ಅಜ್ಜಿ ಗದರುತ್ತಿದ್ದರು. ಆ ದೇವತೆಗಳಿಗೆ ಇಲ್ಲಿಗೆ ವೀಸಾ ಕೊಟ್ಟವರು ಯಾರು ಎಂದುಕೊಂಡು ನಗಲು ನೋಡಿದಳು. ಅಷ್ಟರಲ್ಲಿ ಇನ್ನೊಂದು ನೆನಪಾಯಿತು.

ಸಮೀಕ್ಷೆ ಶುರುವಾಗುವ ಮುಂಚೆ, ಪ್ರಶ್ನೆಗಳನ್ನು ಒಂದೊಂದಾಗಿ ತೋರಿಸುವ ಪ್ರೋಗ್ರಾಮನ್ನು ಪರೀಕ್ಷೆ ಮಾಡಲು ಅವಳು ಮೊದಲ ಫೋನ್ ಮಾಡಿದ್ದು ತನ್ನ ಮನೆಗೇ. ಹೌದು ಎಂದರೆ ಮಾತ್ರ ಮುಂದಿನ ಪ್ರಶ್ನೆ ತೆರೆದುಕೊಳ್ಳುತ್ತಿತ್ತು. ಅದಕ್ಕೇ ಎಲ್ಲದಕ್ಕೂ ಹೌದು ಅನ್ನಿ ಎಂದು ಗಂಡ ಮುರಳೀಧರನಿಗೆ ಹೇಳಿಕೊಟ್ಟಿದ್ದಳು. ಅವನು ಚಕ್ಕುಲಿ ಕಡಿಯುತ್ತಾ ಸಕ್ಕರೆಯಿಂದ ಹಿಡಿದು ಕ್ಯಾನ್ಸರಿನವರೆಗೆ ಹೌದು, ಹೌದು ಎನ್ನುತ್ತಾ ಹೋಗಿದ್ದ. ಆಗಲೂ ಹೊರಗೆ ಹೊತ್ತು ಮುಳುಗುತ್ತಿತ್ತು. ಗಂಡನನ್ನು ಕೈಯಾರೆ ಆ ದೇವತೆಗಳ ಬಾಯಿಗೆ ಒಪ್ಪಿಸಿದೆನಲ್ಲ ಎಂದು ಅವಳ ಎದೆ ಒಡೆದುಹೋಯಿತು. ಫೋನ್ ಎತ್ತಿಕೊಂಡಳು.

"ರೀ, ಅವತ್ತು ಕಾಯಿಲೆಗಳಿಗೆಲ್ಲ ಹೌದು ಅಂದಿದ್ರಲ್ಲ, ಈಗ ಮತ್ತೆ ಕೇಳ್ತೀನಿ. ಎಲ್ಲಕ್ಕೂ ಇಲ್ಲ ಅನ್ನಿ."

ಮುರಳೀಧರ ನಕ್ಕ. "ನನ್ನ ವಿಷಯ ನೀನು ಕೇಳಲೇ ಇಲ್ವಲ್ಲೇ. ಮನೆಯವರ ಪರವಾಗಿ ಉತ್ತರ ಕೊಡೋ ಭಾಗ ಟೆಸ್ಟ್ ಮಾಡಬೇಕು ಅಂದೆ. ನಾನು ಹೌದು ಅಂದಿದ್ದೆಲ್ಲ ನಿನ್ನ ಬಗ್ಗೆ."

ಊರವರ ಮರೆವನ್ನೆಲ್ಲ ಅಳೆದವಳು ಇದನ್ನು ಮರೆತೇ ಬಿಟ್ಟಿದ್ದಳು. ಮೊದಲು ಸಮಾಧಾನವಾಯಿತು, ಸದ್ಯ ಇವರು ಉಳಿದರಲ್ಲ ಎಂದು. ಅಷ್ಟರಲ್ಲಿ ಅವನು ಕೇಳಿದ.

"ಯಾಕೆ, ನಿನಗೇನಾದ್ರೂ ಆಗಿದ್ಯಾ?"

ಕಿಟಕಿಯಾಚೆ ಪೈನ್ ಮರಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಅಂದಿನ ಮಾತಿಗೆ ಅಸ್ತು ಎಂದವರು ಇಂದಿನ ಮಾತಿಗೂ ಅನ್ನಲಿ ಎಂದು ಅವಳು ಗಟ್ಟಿಯಾಗಿ ಹೇಳಿದಳು.

"ಇಲ್ಲ. ನನಗೇನೂ ಇಲ್ಲ."

ಹೇಳುತ್ತಿದ್ದಂತೆ ಅವಳ ಕೈ ತಾನಾಗಿಯೇ ಎಡ ಎದೆಯ ಪಕ್ಕಕ್ಕೆ ಹೋಯಿತು. ಹೋದ ವಾರ ಸ್ನಾನ ಮಾಡುವಾಗ ಕಡಲೆಕಾಳಿನಷ್ಟು ಗಟ್ಟಿಯಾದದ್ದೊಂದು ಅಲ್ಲಿ ಕೈಗೆ ಸಿಕ್ಕಿತ್ತು. ಏನೋ ಇರಬೇಕು ಎಂದು ಸುಮ್ಮನಾಗಿದ್ದಳು, ಡಾಕ್ಟರಿಗೆ ತೋರಿಸಿರಲಿಲ್ಲ. ದಾಖಲೆಯಲ್ಲಿ ಅದು ಇನ್ನೂ ಇಲ್ಲ ಎಂದೇ ಇತ್ತು.